ಧಾಬಳಿ ಸೀಟಿನ ಸೈಕಲ್ಲು

ನರ್ಸಬಾಯಿ ಸೈಕಲ್ ತಗೋತಾಳ ಅನ್ನೂ ಸುದ್ದಿ ಬಂದ ದಿವಸ ನಮ್ಮ ಅತ್ತಿಯವರು ಊಟ ಬಿಟ್ರು. ಎಲಿ ಮುಂದ ಕೂತವರು ಹಂಗ ಎದ್ದು, ಕೈ ತೊಳಕೊಂಡು, ತುಳಸೀ ಕಟ್ಟಿ ಹತ್ರ ಹೋಗಿ ನಿಂತ್ರು. ಅವರು ಹಂಗ ಎಲಿ ಬಿಟ್ಟು ಎದ್ದದ್ದು ನಾ ಅದಕ್ಕೂ ಮೊದಲ ಒಮ್ಮೆ ಅಷ್ಟ ನೋಡಿದ್ದೆ, ನಮ್ಮ ಮಾವನವರು ತೀರಿಕೊಂಡ ಸುದ್ದಿ ಬಂದಾಗ. ಈಗಿನವರಿಗೆ ಇದು ನಗಿ ಬರೂ ಮಾತು. ಅವತ್ತ ನಮ್ಮ ವಾಡೇದಾಗ ಯಾರೂ ನಗಲಿಲ್ಲ.

ಪುಣೇದ ಶನಿವಾರ ಪೇಟ್ಯಾಗ ನಮ್ಮ ವಾಡೇ. ನಡುವ ಅಂಗಳ, ಸುತ್ತಲೂ ಬಿಡಾರ, ದೊಡ್ಡ ಬಾಗಲದ ಕಡೆ ಎಲ್ಲಾರಿಗೂ ಸೇರಿ ಒಂದ ನಳ. ನಮ್ಮನಿಯವರು ಮಿಲಿಟರಿ ಲೆಕ್ಕಪತ್ರದ ಆಫೀಸಿನಾಗ ಕಾರಕೂನರು. ಧಾರವಾಡದಿಂದ ಬಂದವರು ನಾವು. ಹೊಸ್ತಿಲದ ಒಳಗ ಕನ್ನಡ, ಹೊರಗ ಕಾಲಿಟ್ರ ಮರಾಠಿ. ವಾಡೇದಾಗ ನಮ್ಮನ್ನ ಬಿಟ್ರ ಕನ್ನಡ ಮಾತಾಡಾಕಿ ನರ್ಸಬಾಯಿ ಒಬ್ಬಾಕಿ. ದೊಡ್ಡ ಬಾಗಲದ ಬಾಜೂಕ ಒಂದ ಖೋಲಿ ಹಿಡಕೊಂಡಿದ್ಲು. ಅಕಿ ಹೆಸರು ನಾ ಇಲ್ಲೆ ಬರಿಯೂದಿಲ್ಲ. ಇದ್ದಾಗ ಯಾರೂ ಹೆಸರು ಹಿಡದು ಕರೀಲಿಲ್ಲ, ಈಗ ಕರದು ಏನು ಮಾಡೂದದ.

ಕುಳ್ಳಿ, ಗಟ್ಟಿ ಮೈ, ನಲವತ್ತು ದಾಟಿತ್ತು. ಗಂಡನ ಮಾರೀನ ನೆನಪಿಲ್ಲದ ವಯಸ್ಸಿನಾಗ ಗಂಡ ಹೋಗಿದ್ದ. ಅಪ್ಪ ಇರೂತನಕಾ ಧಾರವಾಡದಾಗ ಇದ್ದು, ಆಮ್ಯಾಲೆ ಪುಣೇಕ ಬಂದು, ವಿಧವೆಯರ ಶಾಳಾದಾಗ ಅಕ್ಷರ ಕಲ್ತು, ದವಾಖಾನ್ಯಾಗ ಸೂಲಗಿತ್ತಿ ಕೆಲಸಾ ಕಲ್ತು, ಪೇಟೆ ಪೇಟೆ ತಿರಗಿ ಬಾಣಂತನಾ ಮಾಡ್ತಿದ್ಲು. ಮರಾಠಿ ಅರಳ ಹುರಧಂಗ ಮಾತಾಡಾಕಿ. ಆದ್ರ ಹಡಿಯಾಕಿ ಬ್ಯಾನಿ ತಿನ್ನೂ ಕಡೀ ಹೊತ್ತಿನಾಗ ಮಾತ್ರ ಅಕಿ ಬಾಯಿಂದ ಕನ್ನಡ ಬರ್ತಿತ್ತು. "ತಡಿ ನನ್ನವ್ವಾ, ಬಂತು, ಬಂತು" ಅಂತಿದ್ಲು. ಮರಾಠಿ ಹೆಂಗಸರಿಗೂ ಅಷ್ಟ ಕನ್ನಡ ತಿಳೀತಿತ್ತು.

ಅಕಿ ಕೈ ತೊಳಕೊಳ್ಳೂದನ್ನ ನೋಡಬೇಕಾಗಿತ್ತು. ನಳದ ಕೆಳಗ ಕೂತು ಮೊಣಕೈ ತನಕಾ ಕಾರ್ಬಾಲಿಕ್ ಸಾಬಾಣ ಹಚ್ಚಿ, ಉಗರು ಒಂದೊಂದ ತಿಕ್ಕತಿದ್ಲು. ನಮ್ಮ ಅತ್ತಿಯವರು ಮಡಿನೀರಿಗೆ ಬಿಂದಿಗಿ ಹಿಡಕೊಂಡು ದೂರ ನಿಂತಿರತಿದ್ರು.

"ಮುಗೀತೇನವಾ ನಿನ್ನ ಪುಣ್ಯಾಹವಾಚನ?"

"ನಿಮ್ಮದು ದೇವರ ಮಡಿ, ನಂದು ಕೂಸಿನ ಮಡಿ. ಎರಡಕ್ಕೂ ನೀರು ಬೇಕಲ್ರಿ ಕಾಕೂ."

ಅವರಿಬ್ಬರ ಸಂಬಂಧ ನನಗ ಕಡೀತನಕಾ ಬಗೀಹರೀಲಿಲ್ಲ. ಅತ್ತಿಯವರು ತಲಿ ಬೋಳಿಸಿಕೊಂಡು ಕೆಂಪ ಸೀರಿ ಉಟ್ಟವರು. ವಾಡೇದಾಗ ಮಡೀ ವಿಷಯಕ್ಕ ಅವರದ ಕಡೀ ಮಾತು. ಮರಾಠಿ ಮಂದೀನೂ ಬಂದು ಅವರನ್ನ ಕೇಳಿಕೊಂಡು ಹೋಗ್ತಿದ್ರು. ಇಕಿ ಕೂದಲಾ ಬಿಟ್ಟು, ಬಿಳೀ ಕಚ್ಚೀ ಸೀರಿ ಉಟ್ಟು, ಊರ ಮಂದಿಯ ಹಡದ ಮೈಲಿಗಿ ಮೈಮ್ಯಾಲೆ ಹೊತಗೊಂಡು ತಿರಗಾಕಿ. ನರ್ಸಬಾಯಿ ಸೆರಗು ತಾಕಿದ್ರ ಅತ್ತಿಯವರು ಹೋಗಿ ಸ್ನಾನ ಮಾಡ್ತಿದ್ರು. ಆದ್ರ ಮನ್ಯಾಗ ಹೋಳಗಿ ಮಾಡಿದ ದಿವಸ ಅಕಿ ಪಾಲು ಮೊದಲ ತಗದಿಡ್ತಿದ್ರು. ಅಕಿ ತಾಟು ಹಿಡಕೊಂಡು ಬಾಗಲಾಗ ನಿಂತ್ರ, ಮ್ಯಾಲಿಂದ ತಾಟಿಗೆ ಬೀಳೂಹಂಗ ಹಾಕ್ತಿದ್ರು, ತಾಟು ಮುಟ್ಟದ.

ಅದಕ್ಕ ಕಾರಣ ಇತ್ತು. ನಮ್ಮ ನಾದಿನಿ, ಅತ್ತಿಯವರ ಒಬ್ಬಾಕೀ ಮಗಳು, ಚೊಚ್ಚಲ ಹೆರಿಗಿಗೆ ನಮ್ಮಲ್ಲೆ ಬಂದಿದ್ಲು. ಕೂಸು ಉಳೀಲಿಲ್ಲ. ತಾಯಿ ಉಳದದ್ದು ನರ್ಸಬಾಯಿ ಕೈಗುಣ. ರಕ್ತ ನಿಂದರವಲ್ದು; ಇಕಿ ಹೊಟ್ಟಿ ಒತ್ತಿ ಹಿಡಕೊಂಡು, ತನ್ನ ಕೈ ಸೆಟಗೊಳ್ಳೂ ತನಕಾ ಬಿಡಲಿಲ್ಲ. ಎಲ್ಲಾ ಮುಗದ ಮ್ಯಾಲೆ ಅತ್ತಿಯವರನ್ನ ಕರದು ಮಾರಿಗೆ ಮಾರಿ ಹೇಳಿಬಿಟ್ಲು: "ಕಾಕೂ, ಈ ಹುಡಗಿ ಮತ್ತೊಮ್ಮೆ ಹಡದ್ರ ಹಿಂಗ ಆಗ್ತದ. ಅವತ್ತ ನಾ ಬಾಜೂಕ ಇರಬೇಕು. ಹಿಂದಿಂದ ಬಂದ್ರ ಉಪಯೋಗಿಲ್ಲ."

ಮುಂದ ನಾದಿನಿಗೆ ಮತ್ತ ದಿನಾ ನಿಂತ್ವು. ಅಕಿ ಗಂಡನ ಮನಿ ಖಡಕ್ಯಾಗ, ನದಿ ದಾಟಿ ಒಂದು ಹರದಾರಿ ಮ್ಯಾಲೆ. "ತವರಿನಾಗ ಹಡದು ಕೂಸು ಹೋತು, ಈ ಸಲ ನಮ್ಮಲ್ಲೇ ಆಗಲಿ" ಅಂತ ಬೀಗರು ಹಟಾ ಹಿಡದ್ರು. ಹೆಣ್ಣಿನ ಕಡಿಯವರು ನಾವು, ಏನಂತ ಆಡೂದು. ಅತ್ತಿಯವರು ನರ್ಸಬಾಯಿ ಬಾಗಲಕ್ಕ ಹೋಗಿ ಹೊರಗ ನಿಂತು ಕೇಳಿದ್ರು: "ಖಡಕಿ ತನಕಾ ಬರ್ತೀಯೇನು?" "ಬರ್ತೀನ್ರಿ" ಅಂದ್ಲು. ಅಕಿ ಮಾತು ಕೊಟ್ಟದ್ದು ಅಷ್ಟ.

ಅದಾದ ಒಂದ ವಾರಕ್ಕ ಪರ್ವತಿ ಗುಡ್ಡದ ಕೆಳಗಿನ ಒಂದು ಮನಿಯಿಂದ ಅಕಿಗೆ ಕರಿ ಬಂತು. ಆಗ ಕುದರೀ ರೇಸಿನ ದಿವಸ. ಊರಾಗಿನ ಟಾಂಗಾ ಎಲ್ಲಾ ಕ್ಯಾಂಪಿನ ಕಡೆ ಹೋಗಿದ್ವು. ಇಕಿ ಚೀಲಾ ಹೆಗಲಿಗೆ ಹಾಕ್ಕೊಂಡು ಬಿಸಲಾಗ ನಡಕೋತ ಹೋದ್ಲು. ಸಂಜಿಗೆ ಬಂದು ನಳದ ಕೆಳಗ ಕೂತಾಕಿ ಕೈಗೆ ಸಾಬಾಣ ಹಚ್ಚಲಿಲ್ಲ, ಸುಮ್ಮನ ನೀರಿನ ಕೆಳಗ ಹಿಡಕೊಂಡು ಕೂತ್ಲು. ನಾ ಹೋಗಿ ಕೇಳಿದೆ.

"ಹೋದಾಗ ಆ ಹುಡಗಿ ಕೈ ಇನ್ನೂ ಬೆಚ್ಚಗಿತ್ತು ತಂಗೀ" ಅಂದ್ಲು. "ಇನ್ನೂ ಬೆಚ್ಚಗಿತ್ತು."

ಮರುದಿನಾನ ಸೈಕಲ್ ಮಾತು ಹೊರಗ ಬಿತ್ತು.

ಅಕಿಗೆ ಸೈಕಲ್ ಹೊಡೀಲಿಕ್ಕೆ ಬರ್ತದ ಅನ್ನೂದ ನನಗ ಮೊದಲನೇ ಧಕ್ಕಾ. ದವಾಖಾನ್ಯಾಗ ಕೆಲಸಾ ಕಲಿಯೂ ಮುಂದ ಅಲ್ಲಿ ಒಬ್ಬ ಡಾಕ್ಟರ್ ಬಾಯಿ ತಮ್ಮ ಸೈಕಲ್ ಮ್ಯಾಲೆ ಕಂಪೌಂಡಿನಾಗ ಕಲಿಸಿದ್ರಂತ. ಸ್ವಲ್ಪ ದಿವಸ ಅದರ ಮ್ಯಾಲೇ ಹೆರಿಗಿಗೂ ಹೋಗಿ ಬಂದಿದ್ಲಂತ. ಯಾರೋ ಧಾರವಾಡಕ್ಕ ಸುದ್ದಿ ಮುಟ್ಟಿಸಿದ್ರು. ಅಣ್ಣ ಬಂದ, "ಸೈಕಲ್ ಬೇಕೋ, ತವರಮನಿ ಬೇಕೋ" ಅಂದ. ತವರಮನಿ ಅಂದ್ಲು. "ಆಮ್ಯಾಲೆ ಅಂವ ಒಂದ ಪಂಚಮಿಗೂ ಕರೀಲಿಲ್ಲ. ಸೈಕಲ್ಲೂ ಹೋತು, ಅಣ್ಣನೂ ಹೋದ" ಅಂತ ನನ್ನ ಮುಂದ ಹೇಳಿದ್ಲು, ಅವರಿಕಾಯಿ ಸುಲಕೋತ, ಯಾರದೋ ಮನೀ ಸುದ್ದಿ ಹೇಳಿಧಂಗ.

ಬುಧವಾರ ಪೇಟ್ಯಾಗಿನ ಸೈಕಲ್ ಅಂಗಡಿಗೆ ಅಕಿ ನನ್ನ ಕರಕೊಂಡು ಹೋದ್ಲು. ಕಾಯಿಪಲ್ಯಾ ತರ್ತೀನಂತ ಅತ್ತಿಯವರಿಗೆ ಹೇಳಿ ಬಂದಿದ್ದೆ, ಕೈಯ್ಯಾಗ ಖಾಲಿ ಚೀಲ. ಅಂಗಡಿಯವರು ವಯಸ್ಸಾದವರು, ಮರಾಠಿ ಮಂದಿ. "ಯಾರಿಗೆ ಬೇಕಾಗಿತ್ತು, ಮಗಗೋ?" ಅಂತ ಕೇಳಿದ್ರು. "ನನಗ" ಅಂದ್ಲು. ಅವರು ನನ್ನ ಮಾರಿ ನೋಡಿದ್ರು. ನಾ ಚೀಲ ನೋಡಿದೆ.

ಪಾಪ, ಭಲೇ ಮಂದಿ. ಒಳಗಿಂದ ಲೇಡೀಜ್ ಸೈಕಲ್ ತಂದು ಇಟ್ರು. ನಡುವಿನ ದಾಂಡಿ ಇಲ್ಲ, ಹಿಂದಿನ ಗಾಲಿಗೆ ಸೀರಿ ಸಿಗಬಾರದಂತ ಜಾಳಿಗಿ, ಮುಂದ ಬುಟ್ಟಿ. ನನಗಂತೂ ಅದನ್ನ ನೋಡಿ ಜೀವ ಬಂತು, ಇಷ್ಟಾದ್ರ ಮಂದಿ ಸ್ವಲ್ಪರೇ ಸುಮ್ಮನಿದ್ದಾರು ಅಂತ. ನರ್ಸಬಾಯಿ ಅದರ ಹಿಂದಿನ ಕ್ಯಾರಿಯರ್ ಮ್ಯಾಲೆ ಕೈಲೆ ಭಾರ ಹಾಕಿ ಒತ್ತಿದ್ಲು, ಎಡಕ್ಕ ಬಲಕ್ಕ ಅಳ್ಳಾಡಿಸಿದ್ಲು.

"ಹಿಂದ ಮನಷ್ಯಾ ಕೂತ್ರ ಇದು ತೊಟ್ಟಲಾಗ್ತದ."

"ಬಾಯಿ, ಹಿಂದ ಯಾರನ್ನ ಕೂಡಿಸೋರು ನೀವು?"

"ಹಂಗೇನಿಲ್ಲ, ಹೊತ್ತು ಬಂದ್ರ ಯಾರನ್ನಾದ್ರೂ." ಮುಂದ ಒಂದು ಪ್ರಶ್ನೆ ಕೇಳಿದ್ಲು: "ಇದರದೇನರೇ ಮುರದ್ರ ನದಿ ಆಚೆ ಭಾಂಬುರ್ಡೆದಾಗ ಸಾಮಾನು ಸಿಗ್ತದೇನು? ಖಡಕ್ಯಾಗ?"

ಇಲ್ಲ, ಮುಂಬೈಯಿಂದ ತರಸಬೇಕಾಗ್ತದ ಅಂದ್ರು ಅವರು. ಲೇಡೀಜ್ ಸೈಕಲ್ಲಿನ ಕತಿ ಅಲ್ಲಿಗೆ ಮುಗೀತು.

ಅಷ್ಟೊತ್ತಿಗೆ ಅಕಿ ಕಣ್ಣು ಬ್ಯಾರೆ ಕಡೆ ಹೋಗಿತ್ತು. ಮೂಲ್ಯಾಗ ಒಂದು ಪಂದ್ಯದ ಸೈಕಲ್ ಇತ್ತು, ಕಾಲೇಜ ಹುಡಗೂರು ಒಯ್ಯೂದು. ಕೆಂಪ ಬಣ್ಣ, ಸಣ್ಣ ಟಾಯರು, ಟಗರಿನ ಕೊಂಬಿನಂಗ ಕೆಳಗ ಬಾಗಿದ ಹ್ಯಾಂಡಲ್ಲು. ಅದನ್ನ ಒಂದ ಕೈಲೆ ಎತ್ತಿದ್ಲು, ಮಾರಿ ಅರಳಿತು. "ಒಂದ ಸುತ್ತು?" ಅಂದ್ಲು. ಅಂಗಡಿಯವರು ಹೂಂ ಅನ್ನೂದ್ರಾಗ ಓಣಿಗೆ ತಂದು, ಕಚ್ಚಿ ಬಿಗಿ ಮಾಡಿ, ಒಂದು ಕಟ್ಟಿ ಮ್ಯಾಲೆ ಕಾಲಿಟ್ಟು ದಾಂಡಿ ದಾಟಿ ಕೂತಬಿಟ್ಲು. ಇಪ್ಪತ್ತು ವರ್ಷದ ಮ್ಯಾಲೆ ಸೈಕಲ್ ಹತ್ತಿದಾಕಿ. ಮೊದಲ ಹಾವಿನಂಗ ಹೋತು, ಒಬ್ಬ ಬಾಳೀಹಣ್ಣಿನಂವ ಬುಟ್ಟಿ ಬಿಟ್ಟು ಹಾರಿದ. ಮುಂದ ನೆಟ್ಟಗಾತು, ಬೆನ್ನ ಬಾಗಿಸಿ ಓಣಿ ತಿರವಿನಾಗ ಕಾಣದಾದ್ಲು.

ಎಷ್ಟೊತ್ತಾದ್ರೂ ಬರವಲ್ಲಳು. ಅಂಗಡಿಯವರು ಕಿರಾಕಿ ಬಿಟ್ಟು ಬಾಗಲಕ್ಕ ಬಂದ್ರು. "ನಿಮ್ಮ ಯಾರು ಇವರು?" ಅಂತ ನನ್ನ ಕೇಳಿದ್ರು. ಬಾಜೂ ಬಿಡಾರ ಅಂತ ಹೇಳಲಿಕ್ಕೆ ನನಗ ಬಾಯಿ ಬರಲಿಲ್ಲ, "ಅಕ್ಕ" ಅಂದುಬಿಟ್ಟೆ. ಕಡಿಗೆ ಬಂದ್ಲು, ಸೈಕಲ್ ಕೈಲೆ ಹಿಡಕೊಂಡು ನಡಕೋತ. ಮೊಣಕೈ ತರಚಿತ್ತು, ಸೀರಿಗೆ ಸಗಣಿ ಮೆತ್ತಿತ್ತು. ನಗತಿದ್ಲು. ಅಕಿ ಹಲ್ಲು ಅಷ್ಟೂ ನಾ ನೋಡಿದ್ದು ಅವತ್ತ.

"ಕಾಲಿಗೆ ಎಲ್ಲಾ ನೆನಪದ ತಂಗೀ. ಕೈಗೆ ಬ್ರೇಕ್ ಎಲ್ಲದ ಅನ್ನೂದ ಮರತದ."

"ಇದನ್ನ ತಗೋತೀರೇನ್ರಿ ಅಕ್ಕಾ?"

ಸೈಕಲ್ ಒರಸಿ ಒರಸಿ ಅಂಗಡಿಯವರ ಕೈಗೆ ಕೊಟ್ಲು. "ಒಲ್ಲೆ. ಇದರ ಮ್ಯಾಲೆ ಕೂತ್ರ ನಾ ಹಡಿಯಾಕಿ ಮನಿ ಹಾದಿ ಮರತಬಿಡ್ತೀನಿ" ಅಂದ್ಲು.

ಕಡಿಗೆ ಆರಿಸಿದ್ದು ಕರೀ ರೋಡಸ್ಟರು. ಹಾಲಿನವರು, ಪೋಸ್ಟಿನವರು ಹೊಡಿಯೂಅಂಥಾದ್ದು. ಅಗಲ ಟಾಯರು, ನೆಟ್ಟಗ ಕೂಡೂ ಹ್ಯಾಂಡಲ್ಲು, ತಂತಿ ಬದ್ಲಿ ಸಳಿ ಬ್ರೇಕು, ಚೈನಿಗೆ ಪೂರಾ ಡಬ್ಬಿ, ಹಿಂದ ಕಬ್ಬಿಣದ ಗಟ್ಟಿ ಕ್ಯಾರಿಯರು, ನಡುವ ದಾಂಡಿ. ಸೀಟು ಪೂರ್ತಿ ಕೆಳಗ ಇಳಿಸಿದ್ರೂ ಅಕಿಗೆ ತುದಿಬೆರಳಷ್ಟ ನೆಲಕ್ಕ ಹತ್ತತಿದ್ವು. ನಿಂದರಬೇಕಂದ್ರ ಕಟ್ಟಿನೋ ಕಲ್ಲೋ ಹುಡಕಬೇಕು. ಅಂಗಡಿಯವರು ಮತ್ತ ಹೇಳಿ ನೋಡಿದ್ರು, ಬಾಯಿ ಇದು ಗಂಡಸರದು, ದಾಂಡಿ ಅದ ಅಂತ.

"ದಾಂಡಿ ಅಡ್ಡ ಬರೂದು ಗೋಲ ಸೀರಿ ಉಟ್ಟವರಿಗೆ. ನಂದು ಕಚ್ಚಿ. ಕುದರಿ ಏರಿದ ನಿಮ್ಮ ರಾಣಿಗೋಳು ಏನುಟ್ಟಿದ್ರು?"

ಅವರು ಪಾವತಿ ಬರೀಲಿಕ್ಕೆ ಕೂತ್ರು. ಆ ಕಾಲದಾಗ ಕಚ್ಚಿ ಹಾಕದ ಗೋಲ ಸೀರಿ ಉಟ್ಟವರು ನಾವು ಹೊಸಾ ಮಂದಿ, ಕಚ್ಚಿ ಉಟ್ಟವರು ಹಳಬರು ಅಂತ ನನ್ನ ತಲ್ಯಾಗ ಇತ್ತು. ಹಳೇ ಸೀರ್ಯಾಗ ಸೈಕಲ್ ದಾಟಲಿಕ್ಕೆ ಬರ್ತದ, ಹೊಸಾ ಸೀರ್ಯಾಗ ಬರೂದಿಲ್ಲ ಅನ್ನೂದು ಅವತ್ತ ತಿಳದು ನಾ ದಂಗಾದೆ.

ಇನ್ನ ಸೈಕಲ್ ವಾಡೇದ ಒಳಗ ಬರೂ ಪ್ರಶ್ನೆ. ಹೊರಗ ಬಿಟ್ರ ಕಳವಾಗ್ತದ. ಒಳಗ ತರಬೇಕಂದ್ರ ದೊಡ್ಡ ಬಾಗಲದ ಬೋಳದಾಗ, ಅಂದ್ರ ಒಳಗ ಬರೂ ಇಕ್ಕಟ್ಟ ಹಾದ್ಯಾಗ, ಇಡಬೇಕು, ಅದ ಹಾದಿಲೆ ಮಡೀ ಹೆಂಗಸರು ನೀರು ತರ್ತಾರ. ಮಾಲಕರು ಕೈ ಝಾಡಿಸಿಬಿಟ್ರು: "ನಿಮ್ಮ ಕಾಕೂ ಒಪ್ಪಿದ್ರ ನನ್ನ ಅಡ್ಡಿಯಿಲ್ಲ. ಇಲ್ಲಾಂದ್ರ ಬ್ಯಾರೆ ಖೋಲಿ ನೋಡಿಕೋರಿ."

ಸೈಕಲ್ ಬಾಗಲದ ಹೊರಗ ನಿಲ್ಲಿಸಿ ನರ್ಸಬಾಯಿ ಅಂಗಳದಾಗ ನಿಂತ್ಲು. ಅತ್ತಿಯವರು ಹೊಸ್ತಿಲದ ಒಳಗ ನಿಂತ್ರು. ಅವರಿಗೆ ಸಿಟ್ಟು ಬಂದದ್ದು ಸೈಕಲ್ಲಿಗಿಂತಾ ಹೆಚ್ಚು ಸೀಟಿನ ಮ್ಯಾಲೆ.

"ತೊಗಲಲಾ ಅದು?"

"ಹೌದ್ರಿ."

"ಆಕಳದ್ದು."

"ಇರಬೇಕ್ರಿ. ಗುಡ್ಯಾಗ ಮೃದಂಗಕ್ಕ ಯಾತರ ತೊಗಲು ಹಾಕ್ತಾರ್ರಿ ಕಾಕೂ?"

"ಅದರ ಮ್ಯಾಲೆ ಯಾರೂ ಕಾಲು ಚಾಚಿ ಕೂಡೂದಿಲ್ಲ. ಊರು ಹೋಗು ಅಂತದ, ಕಾಡು ಬಾ ಅಂತದ, ನಿನಗ ಈಗ ಸೈಕಲ್ಲು. ನಾಳೆ ಈ ಹುಡಗ್ಯಾರೂ ಹತ್ತತಾವ." ಅವರು ತೋರಿಸಿದ ಹುಡಗಿ ನಾನು. ನಾ ಒಳಗ ಸರದೆ.

ನರ್ಸಬಾಯಿ ಜಗಳಾ ಆಡಲಿಲ್ಲ. ಸಣ್ಣ ಧ್ವನೀಲೆ ಅಂದ್ಲು: "ನಿಮ್ಮ ಮಗಳಿಗೆ ಆರು ತಿಂಗಳಾ ತುಂಬ್ತು. ಪರ್ವತಿಗೆ ನಡಕೋತ ಹೋದೆ, ಏನಾತು ನಿಮಗೂ ಗೊತ್ತದ. ಖಡಕಿ ಅದಕ್ಕಿಂತಾ ದೂರ ಅದ. ಮಾತು ಕೊಟ್ಟಾಕಿ ನಾನು. ಸೈಕಲ್ ಒಳಗ ಬರಲಿಲ್ಲಾಂದ್ರ ನಾ ಹೊರಗ ಹೋಗ್ತೀನಿ, ಆದ್ರ ಮಾತು ಬಿಡೂದಿಲ್ಲ."

ಅತ್ತಿಯವರು ಒಳಗ ಹೋದ್ರು. ಅಷ್ಟ ಅಂತ ನಾವೆಲ್ಲಾ ತಿಳಕೊಂಡ್ವಿ. ಒಳಗಿಂದ ಅರಿವಿ ಹರಿಯೂ ಸಪ್ಪಳ ಕೇಳಿಸ್ತು. ಹೋಗಿ ನೋಡಿದ್ರ, ಅವರು ತಮ್ಮ ಧಾಬಳಿ ಹರಿಯಾಕ್ಹತ್ತಿದ್ರು. ಧಾಬಳಿ ಅಂದ್ರ ಉಣ್ಣೀ ವಸ್ತ್ರ, ಮಡಿಗೆ ಉಡೂದು. ಅವರ ಅತ್ತಿ ಕಾಲದ್ದು, ಪಂಢರಪುರದಿಂದ ತಂದದ್ದು. ನಮಗ ಅದರ ಗಾಳಿ ತಾಕಿದ್ರೂ ಬೈಸಿಕೋತಿದ್ವಿ. ಅದರ ಒಂದ ತುದಿ ಹಲ್ಲಿನಾಗ ಹಿಡದು, ಜಗ್ಗಿ ಹರದು, ಅಂಗಳಕ್ಕ ತಂದು ನರ್ಸಬಾಯಿ ಮುಂದ ಒಗದ್ರು.

"ಆ ತೊಗಲಿಗೆ ಇದನ್ನ ಹೊಲದು ಹಾಕು. ಉಣ್ಣಿಗೆ ಮೈಲಿಗಿ ಇಲ್ಲ. ಸೈಕಲ್ ಒಳಗ ಬರಲಿ."

ಹಂಗಂತ ಹೇಳಿ, ಅಕಿ ಜೋಡಿ ಮಾತಾಡೂಮುಂದ ಸೆರಗಿನ ಗಾಳಿ ಬಡದದ್ದಕ್ಕ ಹೋಗಿ ಸ್ನಾನ ಮಾಡಿದ್ರು.

ಮುಂದ ಶನಿವಾರ ಪೇಟಿ ನಾಕು ದಿವಸ ಬಾಯಿ ಮ್ಯಾಲೆ ಬೆರಳಿಟ್ಟುಕೊಂಡು ನೋಡಿತು. ಹುಡಗೂರು ಬೆನ್ನ ಹತ್ತಿ ಓಡಿದ್ವು, ಯಾರೋ ಒಬ್ಬಂವ ಓಣ್ಯಾಗ ಕಲ್ಲೂ ಒಗದ. ಅಕಿ ಗಂಟಿ ಬಾರಿಸಿಕೋತ ಹೋಗಾಕಿ. ಬಿದ್ದದ್ದೂ ಉಂಟು, ಬಿದ್ದಲ್ಲೇ ಕೂತು ಚೀಲದಾಗಿನ ಶೇಂಗಾ ಬೆಲ್ಲ ತಿಂದು ಏಳ್ತಿದ್ಲು. "ಹುಟ್ಟೂ ಕೂಸು ಯಾರ ಮಾರೀನೂ ನೋಡೂದಿಲ್ಲ, ನಾ ಯಾಕ ನೋಡ್ಲಿ" ಅನ್ನೂದು ಅಕಿ ಮಾತು. ಆ ಬೂದಿ ಬಣ್ಣದ ಧಾಬಳೀ ಸೀಟು ಮಾತ್ರ ಎಲ್ಲಿ ನಿಂತ್ರೂ ಗುರತು ಹತ್ತತಿತ್ತು. ಯಾವ ಮನೀ ಮುಂದ ಅದು ಕಂಡ್ರೂ, ಒಳಗ ಯಾರೋ ಬ್ಯಾನಿ ತಿನ್ನಾಕ್ಹತ್ಯಾರ ಅಂತ ಮಂದಿ ತಿಳಕೋತಿದ್ರು.

ಒಂದ ದಿವಸ ಊರಾಗ ಹರತಾಳ. ಅಂಗಡಿ ಬಂದ್, ಟಾಂಗಾ ಬಂದ್, ನದಿ ದಾಟೂ ಪೂಲಿನ ಮ್ಯಾಲೆ ಪೋಲೀಸರು. ಮಧ್ಯಾಹ್ನಕ್ಕ ನಾದಿನಿ ಮೈದುನ ಬೆವರು ಸುರಿಸಿಕೋತ ಬಂದ. ದಿನಾ ತುಂಬಿಲ್ಲ, ಆಗಲೇ ರಕ್ತ ಕಂಡದ ಅಂದ. ನರ್ಸಬಾಯಿ ಚೀಲ ದಾಂಡಿಗೆ ತೂಗಹಾಕಿ ಸೈಕಲ್ ಹೊರಗ ತಂದ್ಲು. ಅತ್ತಿಯವರು ನಡುಮನ್ಯಾಗಿಂದ ಬಂದು ನಿಂತ್ರು.

"ನಾನೂ ಬರ್ತೀನಿ."

ನಮ್ಮನಿಯವರು "ಅವ್ವಾ, ಟಾಂಗಾ ಎಲ್ಲೂ ಇಲ್ಲ" ಅಂದ್ರು.

"ಇದರ ಹಿಂದ ಜಾಗಾ ಅದ ಅಲ್ಲಾ."

ನಾ ತಪ್ಪು ಕೇಳಿಸಿಕೊಂಡೆ ಅಂತ ತಿಳಕೊಂಡೆ. ನರ್ಸಬಾಯಿ ಅಂದ್ಲು: "ನನ್ನ ನಡಾ ಹಿಡಕೋಬೇಕಾಗ್ತದರೀ ಕಾಕೂ. ಗಟ್ಟ್ಯಾಗಿ."

"ಹಿಡಕೋತೀನಿ. ನೀ ಬೀಳಸಬ್ಯಾಡ."

ಹರದು ಉಳದ ಧಾಬಳಿ ತರಿಸಿ, ಮಡಚಿ ಕ್ಯಾರಿಯರ್ ಮ್ಯಾಲೆ ಹಾಕಿದ್ರು. ಬಾಗಲದ ಕಟ್ಟಿ ಏರಿ, ಒಂದ ಕಡೆ ಕಾಲು ಇಳಿಬಿಟ್ಟು ಕೂತ್ರು. ಕೆಂಪ ಸೀರಿ ಸೆರಗು ತಲಿ ಮ್ಯಾಲೆ ಬಿಗಿ ಮಾಡಿ, ಎರಡೂ ಕೈಲೆ ನರ್ಸಬಾಯಿ ನಡಾ ಹಿಡಕೊಂಡ್ರು. ನಾ ಮದಿವ್ಯಾಗಿ ಬಂದಾಗಿಂದ ಅವರು ಅಕಿ ತಾಟು ಮುಟ್ಟಿದ್ದಿಲ್ಲ. ವಾಡೇದ ಮಂದಿ ಎಲ್ಲಾ ಮಾಳಿಗಿ ಗ್ಯಾಲರ್ಯಾಗ ಬಂದು ನಿಂತಿದ್ರು. ಒಬ್ಬರೂ ನಗಲಿಲ್ಲ. ಸೈಕಲ್ ಒಮ್ಮೆ ಓಲಾಡಿತು, ನೆಟ್ಟಗಾತು, ಶನಿವಾರ ವಾಡೇ ಕೋಟಿ ಕಡೆ ಹೋತು. ನನಗ ಅಳು ಬಂತು, ಹೆದರಿಕಿಗೋ ಎದಕ್ಕೋ ಈಗಲೂ ತಿಳೀದು.

ಮುಂದಿಂದು ತುಣಕು ತುಣಕಾಗಿ ಕೇಳಿದ್ದು. ಪೂಲಿನ ಮ್ಯಾಲೆ ಹವಾಲದಾರ ತಡದನಂತ. ಗಂಡಸರ ಸೈಕಲ್ ಹೊಡಿಯೂ ಬಾಯಿ, ಹಿಂದ ಬೋಳುತಲಿ ಮಡಿ ಅಜ್ಜಿ. ಅವನ ಕೈಯ್ಯಾಗಿನ ಲಾಠಿ ಎತ್ತಿದ್ದು ಎತ್ತಿದಂಗ ನಿಂತಿತಂತ. ಅತ್ತಿಯವರು ಅವಗ, "ನಿನ್ನ ಹಡದಾಕೀನೂ ಹಿಂಗ ಒದ್ದಾಡಿರಬೇಕು, ಹಾದಿ ಬಿಡು" ಅಂದ್ರಂತ. ಬಿಟ್ಟ. ಖಡಕೀ ಮನ್ಯಾಗ ಎರಡನೇ ಜೋಡಿ ಕೈ ಬೇಕಾಗಿತ್ತು. ಬೀಗತಿ ರಕ್ತ ನೋಡಿ ಮೂರ್ಛಿ ಹೋಗಿದ್ರು. ನರ್ಸಬಾಯಿ ಒತ್ತಂದಲ್ಲಿ ಅತ್ತಿಯವರು ಒತ್ತಿದ್ರು, ಹಿಡೀಯಂದಲ್ಲಿ ಹಿಡದ್ರು. ಅವತ್ತ ಅವರು ಮುಟ್ಟದ ಮೈಲಿಗಿ ಉಳದಿರಲಿಲ್ಲ. ಸಂಜಿಗೆ ಹೆಣ್ಣು ಕೂಸಾತು. ತಾಯೀನೂ ಉಳದ್ಲು.

ಪುರುಡು ಕಳದ ಮ್ಯಾಲೆ ಅತ್ತಿಯವರು ಟಾಂಗಾದಾಗ ವಾಪಸ ಬಂದ್ರು. ಇಳದವರ ಮೊದಲ ಮಾತು, "ಟಾಂಗಾದಾಗ ನಡಾ ನೋಯ್ತದ. ಸೈಕಲ್ ಛಲೋ." ಎರಡನೇ ಮಾತು ನರ್ಸಬಾಯಿಗೆ: "ನಿನ್ನ ಹಿಂದಿನ ಗಾಲಿ ಕಿರ್ ಕಿರ್ ಅಂತದ, ಎಣ್ಣೀ ಹಾಕೂದಿಲ್ಲೇನು?" ಅವತ್ತಿನಿಂದ ವಾರಕ್ಕೊಮ್ಮೆ ಒಂದ ಬಟ್ಟ್ಲಾಗ ಎಣ್ಣಿ ಅಕಿ ಬಾಗಲಕ್ಕ ಹೋಗ್ತಿತ್ತು. ಅಕಿ ಬಟ್ಟಲಕ್ಕ ಮ್ಯಾಲಿಂದ ಸುರಿಯೂದು, ಅದನ್ನ ಮುಟ್ಟೂದಿಲ್ಲ. ಸೆರಗು ತಾಕಿದ್ರ ಸ್ನಾನ, ಮೊದಲಿನಂಗ. ನಾ ಒಮ್ಮೆ ಧೈರ್ಯಾ ಮಾಡಿ, ಅವತ್ತ ನಡಾ ಹಿಡಕೊಂಡಿದ್ರೆಲ್ರಿ ಅಂದೆ. "ಅವತ್ತಿಂದು ಅವತ್ತ" ಅಂದ್ರು.

ಆ ಕೂಸು ಸಾಲೀಗೆ ಹೋಗೂವಷ್ಟು ದೊಡ್ಡದಾದ ಮ್ಯಾಲೆ, ಒಂದ ಮಳಿಗಾಲದಾಗ ನರ್ಸಬಾಯಿ ಹೆರಿಗಿಗೆ ಹೋಗಿ ತೊಯ್ಸಿಕೊಂಡು ಬಂದ್ಲು. ಜ್ವರ ಬಂತು. ದವಾಖಾನಿಗೆ ತಾನ ಸೈಕಲ್ ಮ್ಯಾಲೆ ಹೋದ್ಲು. ಎರಡ ದಿವಸಕ್ಕ ಬರ್ತೀನಿ ಕಾಕೂ ಅಂದಿದ್ಲು. ನಾಕನೇ ದಿವಸ ಮುಂಜಾನೆ ದವಾಖಾನಿ ಜವಾನ ಸೈಕಲ್ ಕೈಲೆ ಹಿಡಕೊಂಡು ನಡಕೋತ ಬಂದ. ಯಾರೂ ಕೂತಿರಲಿಲ್ಲ. ಅಂವ ಬಾಯಿ ಬಿಡೂ ಮೊದಲ ನಮಗೆಲ್ಲಾ ತಿಳೀತು. ಧಾರವಾಡದ ಅಣ್ಣಗ ತಾರು ಹೋತು. ಅಂವ ಬರಲಿಲ್ಲ. ದವಾಖಾನಿಯವರೇ ಮುಂದ ನಿಂತು ಎಲ್ಲಾ ಕ್ರಿಯಾ ಮುಗಿಸಿದ್ರು.

ಅತ್ತಿಯವರು ನೀರು ಹಾಕ್ಕೊಂಡು ಬಂದ್ರು. ಓಣ್ಯಾಗ ಯಾರು ಹೋದ್ರೂ ಒಂದ ಸ್ನಾನ ಮಾಡ್ತಿದ್ರು, ಇದೂ ಹಂಗ ಅಂದುಕೊಂಡೆ. ಆದ್ರ ಅವರು ದೇವರ ಖೋಲಿಗೆ ಹೋಗಲಿಲ್ಲ. ಪಡಸಾಲ್ಯಾಗ ಒಂದ ಮೂಲಿ ಹಿಡದು ಕೂತ್ರು.

"ನನ್ನ ಮುಟ್ಟಬ್ಯಾಡ" ಅಂದ್ರು. "ನನಗ ಸೂತಕ ಅದ."

ಸೂತಕ ಹಿಡಿಯೂದು ರಕ್ತ ಸಂಬಂಧದವರು. ಮದಿವ್ಯಾದ ಮಗಳು ಹೋದ್ರೂ ಮೂರ ದಿವಸ ಅಷ್ಟ, ಮನಿಯವರು ಹೋದ್ರ ಹತ್ತು. ನಮ್ಮನಿಯವರು ಗಾಬರ್ಯಾಗಿ ಭಟ್ಟರನ್ನ ಕರಕೊಂಡು ಬಂದ್ರು. ಭಟ್ಟರು ತಲಿ ಕೆರಕೊಂಡು, ಅಕಿ ನಿಮಗ ಏನೂ ಆಗಬೇಕಿಲ್ಲ, ಶಾಸ್ತ್ರದಾಗ ಇದಕ್ಕ ಆಧಾರಿಲ್ಲ ಅಂದ್ರು.

"ಶಾಸ್ತ್ರಾ ಕೇಳಲಿಕ್ಕೆ ನಿಮ್ಮನ್ನ ಕರೀಲಿಲ್ಲ. ಹತ್ತನೇ ದಿವಸ ಎಂದು ಬರ್ತದ, ಅಷ್ಟ ಹೇಳ್ರಿ."

ಹತ್ತು ದಿವಸ ಅವರು ದೇವರಿಗೆ ದೀಪಾ ಹಚ್ಚಲಿಲ್ಲ. ಚಾಪಿ ಮ್ಯಾಲೆ ಕೂತು ಬಾಗಲದ ಕಡೆ ನೋಡ್ತಿದ್ರು, ಬೋಳದಾಗ ನಿಂತ ಸೈಕಲ್ ಕಡೆ. ಹನ್ನೊಂದನೇ ದಿವಸ ಸ್ನಾನ ಮುಗಿಸಿ, ತಾವ ಹೋಗಿ ಸೀಟಿನ ಮ್ಯಾಲಿನ ಧಾಬಳೀ ಹೊಲಿಗಿ ಬಿಚ್ಚಿದ್ರು. ನಳದ ಕೆಳಗ ಹಿಡದು ಹಿಂಡಿ ತಂದು, ಮಡೀ ಗಳದ ಮ್ಯಾಲೆ, ತಮ್ಮ ಕೆಂಪ ಸೀರಿ ಬಾಜೂಕ ಹರವಿದ್ರು. ಸೈಕಲ್ಲು ದವಾಖಾನಿಯ ಮತ್ತೊಬ್ಬ ನರ್ಸಿಗೆ ಹೋತು. ಅಕೀನೂ ಕುಳ್ಳಿ, ಎತ್ತರಾಗ್ತದ ಅಂತ ಗೊಣಗಿಕೋತ ಒಯ್ದ್ಲು.

ಮರುದಿವಸ ಅತ್ತಿಯವರು ಜಪಕ್ಕ ಕೂಡಲಿಕ್ಕೆ ದಿನಾ ಕೂಡೂ ಕಟಿಗೀ ಮಣಿ ದೂರ ಸರಿಸಿ ಆ ತುಂಡು ಹಾಸಿದ್ರು. ಹಿಂದ ಅಗಲ, ಮುಂದ ಚೂಪು, ಸೀಟಿನ ಆಕಾರನ ಇತ್ತು. ಒಂದ ಮಗ್ಗಲಕ್ಕ ಸರದು, ಮತ್ತೊಂದ ಮಗ್ಗಲಕ್ಕ ಸರದು ಹೆಂಗೋ ಅದರ ಮ್ಯಾಲೆ ಕೂತ್ರು. ನೋಡಿ ತಡೀಲಾರದ ಅಂದೆ, ಅದು ಭಾಳ ಸಣ್ಣದಾತ್ರಿ, ಕೂಡಲಿಕ್ಕೆ ಬರೂದಿಲ್ಲ ಅಂತ.

ಜಪಮಾಲಿ ಕೈಗೆ ತಗೊಂಡು ಕಣ್ಣು ಮುಚ್ಚಿದ್ರು.

"ಇರಲಿ ಬಿಡು" ಅಂದ್ರು. "ಹೋಗೂ ಕಡೆ ಹೊತ್ತಿಗೆ ಸರಿಯಾಗಿ ಮುಟ್ಟಸ್ತಾಳ ಅಕಿ."